ನ್ಯೂಯಾರ್ಕಿನ ಬೋಜಾರ್ ಮನೆಗಳು: ಲ್ಯಾಂಡ್‌ಮಾರ್ಕ್ ಸ್ಥಾನ ನಿಜವಾಗಿ ಕಾಯುವುದೇನನ್ನು?

ಹೊಸ್ತಿಲು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಮ್ಯಾನ್‌ಹಟನ್‌ನಲ್ಲಿ ಮೆಟ್ರೋಪಾಲಿಟನ್ ಮ್ಯೂಸಿಯಂನಿಂದ ಹೊರಬಂದು ರಸ್ತೆ ದಾಟಿದರೆ, ಫಿಫ್ತ್ ಅವೆನ್ಯೂ ಮತ್ತು 82ನೇ ಬೀದಿ ಕೂಡುವ ಮೂಲೆಯಲ್ಲಿ ಇಟ್ಟಿಗೆ ಮತ್ತು ಸುಣ್ಣದಕಲ್ಲಿನ ಒಂದು ಮನೆ ಕಾಣಿಸುತ್ತದೆ. ಅವೆನ್ಯೂ ಕಡೆಗೆ ಅದರ ಮುಖ ಕಿರಿದು, ಬೀದಿಯುದ್ದಕ್ಕೆ ಮೈ ಉದ್ದ; ಬಾಗಿದ ಮುಂಚಾಚು, ಕಬ್ಬಿಣದ ಕಟಾಂಜನ, ಮೇಲೆ ಕಡಿದಾದ ಇಳಿಜಾರಿನ ಮ್ಯಾನ್ಸಾರ್ಡ್ ಚಾವಣಿ, ಅದರ ಅಂಚಿಗೆ ತಾಮ್ರದ ಕುಸುರಿ. ಅದು 1899ರಿಂದ 1901ರ ನಡುವೆ ಬೋಜಾರ್ ಎಂಬ ಫ್ರೆಂಚ್ ಶೈಲಿಯಲ್ಲಿ ಕಟ್ಟಿದ ಬೆಂಜಮಿನ್ ಡ್ಯೂಕ್ ಮನೆ ಎಂದು ಆಮೇಲೆ ತಿಳಿಯಿತು. ಅಕ್ಕಪಕ್ಕದ ಎತ್ತರದ ಅಪಾರ್ಟ್‌ಮೆಂಟುಗಳ ನಡುವೆ ಅದು ಇನ್ನೂ ನಿಂತಿರುವುದನ್ನು ಕಂಡು ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಆಶ್ಚರ್ಯವಾಯಿತು, ಏಕೆಂದರೆ ಆ ಜಾಗದ ಬೆಲೆಯನ್ನು ನೆನೆದರೆ ಅದು ಎಂದೋ ಉರುಳಿಹೋಗಿರಬೇಕಿತ್ತು.

ಓದುತ್ತಾ ಹೋದಂತೆ ಈ ಮನೆ ಎರಡು ಪಟ್ಟಿಗಳಲ್ಲಿದೆ ಎಂದು ಗೊತ್ತಾಯಿತು: 1974ರಲ್ಲಿ ನಗರದ ಲ್ಯಾಂಡ್‌ಮಾರ್ಕ್ (ಹೆಗ್ಗುರುತಿನ ಕಟ್ಟಡ) ಎಂದು ಘೋಷಣೆಯಾಗಿದೆ, 1989ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ನೋಂದಣಿಗೂ ಸೇರಿದೆ. ಗೆಳೆಯರಲ್ಲಿ ವಿಚಾರಿಸಿದರೆ ಒಬ್ಬರು, ಇಂಥ ಮನೆಯನ್ನು ಕೊಂಡವರು ಗೋಡೆಗೆ ಒಂದು ಮೊಳೆ ಹೊಡೆಯಲೂ ಸರ್ಕಾರವನ್ನು ಕೇಳಬೇಕು ಎನ್ನುತ್ತಾರೆ. ಇನ್ನೊಬ್ಬರು, ಅದೆಲ್ಲ ಬರಿಯ ಗೌರವದ ಫಲಕ, ಹಣವಿದ್ದವರು ಏನನ್ನಾದರೂ ಮಾಡಿಕೊಳ್ಳಬಹುದು ಎನ್ನುತ್ತಾರೆ. ಎರಡೂ ಏಕಕಾಲಕ್ಕೆ ನಿಜವಾಗಿರಲು ಸಾಧ್ಯವಿಲ್ಲ. ಈ ಎರಡು ಪಟ್ಟಿಗಳಲ್ಲಿ ಕಟ್ಟಡವನ್ನು ಕಾಯುವುದು ಯಾವುದು, ಮತ್ತು ಮನೆಯ ಒಳಗಿನ ಮೆಟ್ಟಿಲು, ಕೆತ್ತನೆ, ಗಾರೆಕೆಲಸ ಇವುಗಳಿಗೂ ರಕ್ಷಣೆ ಇದೆಯೇ ಎಂಬುದನ್ನು ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಕಡತಪ್ರಿಯ:

ಹೊಸ್ತಿಲು ಅವರೇ, ನಿಮ್ಮ ಇಬ್ಬರು ಗೆಳೆಯರೂ ಒಂದೊಂದು ಪಟ್ಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿದ್ದಾರೆ ಎಂದು ತೋರುತ್ತದೆ. ಹಾಗಾಗಿ ಇಬ್ಬರೂ ಅರ್ಧ ಸರಿ.

ರಾಷ್ಟ್ರೀಯ ನೋಂದಣಿ 1966ರ ಒಂದು ಕೇಂದ್ರ ಕಾಯ್ದೆಯಿಂದ ಹುಟ್ಟಿದ್ದು; ಅದನ್ನು ನೋಡಿಕೊಳ್ಳುವುದು ನ್ಯಾಷನಲ್ ಪಾರ್ಕ್ ಸರ್ವಿಸ್. ಹೆಸರು ದೊಡ್ಡದಾದರೂ ಖಾಸಗಿ ಮಾಲೀಕನ ಕೈ ಹಿಡಿಯುವ ಶಕ್ತಿ ಅದಕ್ಕೆ ಇಲ್ಲವೆಂದೇ ಹೇಳಬೇಕು. ಕೇಂದ್ರ ಸರ್ಕಾರದ ಹಣ, ಪರವಾನಗಿ ಅಥವಾ ಯೋಜನೆಯೊಂದು ಕಟ್ಟಡಕ್ಕೆ ಧಕ್ಕೆ ತರುವಂತಿದ್ದರೆ ಅದನ್ನು ಪರಿಶೀಲಿಸಬೇಕು ಎಂಬುದಷ್ಟೇ ಅದರ ಮುಖ್ಯ ಕಟ್ಟುಪಾಡು. ಮಾಲೀಕನು ತನ್ನದೇ ಹಣದಿಂದ ಅಂಥ ಮನೆಯನ್ನು ಕೆಡವಲು ಹೊರಟರೆ, ಆ ನೋಂದಣಿಯೊಂದೇ ಅವನನ್ನು ತಡೆಯಲಾರದು. ಜೊತೆಗೆ, ಮಾಲೀಕನು ಆಕ್ಷೇಪಿಸಿದರೆ ಖಾಸಗಿ ಕಟ್ಟಡವನ್ನು ಆ ಪಟ್ಟಿಗೆ ಸೇರಿಸುವಂತೆಯೂ ಇಲ್ಲ. ಜೀರ್ಣೋದ್ಧಾರದ ಖರ್ಚಿನಲ್ಲಿ ಶೇಕಡಾ 20ರಷ್ಟು ತೆರಿಗೆ ವಿನಾಯಿತಿ ದೊರೆಯುತ್ತದೆ ಎಂಬ ಆಕರ್ಷಣೆ ಇದೆ, ಆದರೆ ಅದು ಆದಾಯ ತರುವ ಕಟ್ಟಡಗಳಿಗೆ ಮಾತ್ರ. ಸ್ವಂತ ವಾಸದ ಮನೆಗೆ ಕೇಂದ್ರದಿಂದ ಅದು ಸಿಗದು.

ನಗರದ ಲ್ಯಾಂಡ್‌ಮಾರ್ಕ್ ಸ್ಥಾನದ ಮಾತೇ ಬೇರೆ. ಅದನ್ನು ಕೊಡುವುದು ಲ್ಯಾಂಡ್‌ಮಾರ್ಕ್ಸ್ ಪ್ರಿಸರ್ವೇಷನ್ ಕಮಿಷನ್ ಎಂಬ 11 ಜನರ ಆಯೋಗ. ಇದರಲ್ಲಿ ಕನಿಷ್ಠ ಮೂವರು ವಾಸ್ತುಶಿಲ್ಪಿಗಳು, ಒಬ್ಬ ಇತಿಹಾಸಕಾರ, ನಗರಯೋಜನೆ ಅಥವಾ ಭೂದೃಶ್ಯ ವಿನ್ಯಾಸ ಬಲ್ಲ ಒಬ್ಬರು, ಆಸ್ತಿ ವ್ಯವಹಾರ ಬಲ್ಲ ಒಬ್ಬರು ಇರಬೇಕು, ನಗರದ ಐದೂ ಬರೋಗಳ (ಆಡಳಿತ ವಿಭಾಗಗಳ) ನಿವಾಸಿಗಳಿಗೆ ಸ್ಥಾನವಿರಬೇಕು. ಅಧ್ಯಕ್ಷರನ್ನು ಬಿಟ್ಟರೆ ಉಳಿದವರಿಗೆ ಸಂಬಳವಿಲ್ಲ. ಕಟ್ಟಡಕ್ಕೆ ಕನಿಷ್ಠ 30 ವರ್ಷ ವಯಸ್ಸಾಗಿರಬೇಕು. ಮಾಲೀಕನ ಒಪ್ಪಿಗೆ ಬೇಕಾಗಿಲ್ಲ ಎಂಬುದು ಇಲ್ಲಿನ ತಿರುಳು. ಸಾರ್ವಜನಿಕ ವಿಚಾರಣೆಯ ನಂತರ ಆಯೋಗ ಘೋಷಿಸುತ್ತದೆ, ಅನಂತರ ನಗರಸಭೆ ಅದನ್ನು ಉಳಿಸಿಕೊಳ್ಳಬಹುದು, ತಿದ್ದಬಹುದು ಅಥವಾ ರದ್ದುಮಾಡಬಹುದು. ಒಮ್ಮೆ ಘೋಷಣೆಯಾಯಿತೆಂದರೆ ಆಯೋಗದ ಅನುಮತಿಯಿಲ್ಲದೆ ಕೆಡವುವುದಾಗಲಿ, ಹೊರಮೈಯನ್ನು ಬದಲಿಸುವುದಾಗಲಿ ಕಾನೂನುಬಾಹಿರ.

ಈ ಬಿಗಿ ಸುಮ್ಮನೆ ಬಂದದ್ದಲ್ಲ. ಇಂದು ನೀವು ಮೆಚ್ಚಿ ನೋಡಿದಂಥ ಮನೆಗಳು ಫಿಫ್ತ್ ಅವೆನ್ಯೂ ಉದ್ದಕ್ಕೂ ಸಾಲುಗಟ್ಟಿದ್ದವು. ಸೆನೆಟರ್ ವಿಲಿಯಂ ಕ್ಲಾರ್ಕ್ 77ನೇ ಬೀದಿಯ ಮೂಲೆಯಲ್ಲಿ ಕಟ್ಟಿಸಿದ 121 ಕೋಣೆಗಳ ಅರಮನೆ 1911ರಲ್ಲಿ ಮುಗಿಯಿತು, 1927ರಲ್ಲಿ ನೆಲಸಮವಾಯಿತು. ಕಟ್ಟಿದ ಗಾರೆ ಆರಿತ್ತೋ ಇಲ್ಲವೋ ಎನ್ನುವಷ್ಟು ಅಲ್ಪಾಯುಷ್ಯ. ವ್ಯಾಂಡರ್‌ಬಿಲ್ಟ್ ಕುಟುಂಬದ ದೊಡ್ಡ ಮನೆಗಳೂ ಆ ಹೊತ್ತಿನಲ್ಲೇ ಹೋದವು. ಆಗ ಅದನ್ನು ಯಾರೂ ನಗರದ ನಷ್ಟವೆಂದು ಲೆಕ್ಕಿಸಿದಂತಿಲ್ಲ. 1910ರಲ್ಲಿ ತೆರೆದಿದ್ದ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು 1963ರ ಅಕ್ಟೋಬರಿನಿಂದ ಕೆಡವತೊಡಗಿದಾಗ ಜನ ಬೆಚ್ಚಿಬಿದ್ದರು. ಅದರ ಮೇಲೆ, 1965ರ ಫೆಬ್ರವರಿಯ ಒಂದು ಶನಿವಾರ, ಕಚೇರಿಗಳು ಮುಚ್ಚಿರುವ ದಿನ ನೋಡಿ, 79ನೇ ಬೀದಿಯ ಬ್ರೊಕಾ ಮಹಲನ್ನು ಉರುಳಿಸಲು ಶುರುಮಾಡಿದರು. ಎರಡೂವರೆ ತಿಂಗಳು ಕಳೆಯುವುದರೊಳಗೆ, ಏಪ್ರಿಲ್ 19ರಂದು, ಮೇಯರ್ ರಾಬರ್ಟ್ ವ್ಯಾಗ್ನರ್ ಲ್ಯಾಂಡ್‌ಮಾರ್ಕ್ ಕಾಯ್ದೆಗೆ ಸಹಿ ಹಾಕಿದರು. ನಿಲ್ದಾಣದ ಹೆಸರನ್ನೇ ಎಲ್ಲರೂ ಹೇಳುತ್ತಾರೆ. ಆದರೆ ಕೊನೆಯ ನೂಕು ಕೊಟ್ಟದ್ದರಲ್ಲಿ ಒಂದು ಮನೆಯ ಪಾಲೂ ಇದೆ ಎಂಬುದನ್ನು ಈ ಚರ್ಚೆಯಲ್ಲಿ ನೆನೆಯುವುದು ಉಚಿತ.

ಸುಣ್ಣಗಾರೆ:

ಕಡತಪ್ರಿಯ ಅವರು ಕಾನೂನನ್ನು ಹೇಳಿದ್ದಾರೆ. ಹಳೆಯ ಕಟ್ಟಡಗಳ ದುರಸ್ತಿಯ ವೃತ್ತಿಯಲ್ಲಿರುವುದರಿಂದ ಮನೆಯ ಬಗ್ಗೆ ನಾನು ಹೇಳುತ್ತೇನೆ.

ಬೋಜಾರ್ ಎಂಬ ಹೆಸರು ಪ್ಯಾರಿಸಿನ ಎಕೋಲ್ ದೆ ಬೋಜಾರ್ ಎಂಬ ಕಲಾಶಾಲೆಯಿಂದ ಬಂದದ್ದು. ಅಲ್ಲಿ ವಾಸ್ತುಶಿಲ್ಪ ಕಲಿತ ಮೊದಲ ಅಮೆರಿಕನ್ ರಿಚರ್ಡ್ ಮಾರಿಸ್ ಹಂಟ್. ಅನಂತರ ಮೆಕಿಮ್, ಕ್ಯಾರೇರ್, ಹೇಸ್ಟಿಂಗ್ಸ್ ಮುಂತಾದವರು ಅದೇ ದಾರಿಯಲ್ಲಿ ಹೋಗಿಬಂದರು. ಷಿಕಾಗೋದಲ್ಲಿ 1893ರಲ್ಲಿ ನಡೆದ ವಿಶ್ವಪ್ರದರ್ಶನದ ಬಿಳಿಯ ಕಟ್ಟಡಗಳನ್ನು ಕಂಡ ಮೇಲೆ ಶ್ರೀಮಂತರಿಗೆ ಕಂದುಕಲ್ಲಿನ ಹಳೆಯ ಸಾಲುಮನೆಗಳು ಮಂಕಾಗಿ ಕಾಣತೊಡಗಿದವು. ಬದಲಾದದ್ದು ಬರಿಯ ಅಲಂಕಾರವಲ್ಲ ಎಂಬುದನ್ನು ಗಮನಿಸಬೇಕು. ಕಂದುಕಲ್ಲಿನ ಮನೆಗೆ ಬೀದಿಯಿಂದ ಎತ್ತರದ ಮೆಟ್ಟಿಲು ಹತ್ತಿ ಹೋಗಬೇಕಾಗಿತ್ತು, ಒಳಗೆ ಒಂದು ಪಕ್ಕದ ಗೋಡೆಗೆ ಅಂಟಿಕೊಂಡು ಕಿರಿದಾದ ಏಣಿಮೆಟ್ಟಿಲು. ಹೊಸ ಮಾದರಿಯಲ್ಲಿ ಬಾಗಿಲು ಬೀದಿಯ ಮಟ್ಟಕ್ಕೇ ಇಳಿಯಿತು. ಹೊರಗಿನ ಮೆಟ್ಟಿಲು ಹೋದದ್ದರಿಂದ ಮೊದಲ ಮಹಡಿಯ ಕೋಣೆ ಮನೆಯ ಪೂರ್ತಿ ಅಗಲಕ್ಕೆ ಹರಡಿತು. ಒಳಗಿನ ಮೆಟ್ಟಿಲು ನಡುಮನೆಗೆ ಬಂದು, ಮೇಲಿನ ಗಾಜಿನ ಮಾಡಿನಿಂದ ಬೆಳಕನ್ನು ಕೆಳಗಿನವರೆಗೆ ಇಳಿಸುವ ಬಾವಿಯಂತಾಯಿತು. ಅಂದರೆ ಈ ಮನೆಗಳ ಜೀವ ಅವುಗಳ ನಡುವಿನ ಮೆಟ್ಟಿಲಿನಲ್ಲಿದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಕಹಿಯಾಗುತ್ತದೆ. ಆ ಮೆಟ್ಟಿಲಿಗೆ ರಕ್ಷಣೆ ಇಲ್ಲ. ನಗರದ ಕಾಯ್ದೆಗೆ 1973ರಲ್ಲಿ ಒಳಾಂಗಣ ಲ್ಯಾಂಡ್‌ಮಾರ್ಕ್ ಎಂಬ ವರ್ಗವನ್ನು ಸೇರಿಸಿದರು ನಿಜ, ಆದರೆ ಆ ಒಳಾಂಗಣ ಸಾರ್ವಜನಿಕರಿಗೆ ರೂಢಿಯಲ್ಲಿ ತೆರೆದಿರುವಂಥದ್ದಾಗಿರಬೇಕು: ರೈಲು ನಿಲ್ದಾಣ, ಗ್ರಂಥಾಲಯ, ನಾಟಕಶಾಲೆ, ಬ್ಯಾಂಕಿನ ಹಜಾರ. ಖಾಸಗಿ ವಾಸದ ಮನೆ ಆ ವ್ಯಾಖ್ಯೆಯೊಳಗೆ ಬರುವುದೇ ಇಲ್ಲ. ಸಾರ್ವಜನಿಕ ಕಟ್ಟಡಗಳಲ್ಲೂ ಈ ಸ್ಥಾನವನ್ನು ಎಷ್ಟು ಜಿಪುಣತನದಿಂದ ಕೊಡುತ್ತಾರೆಂದರೆ, ಕ್ಯಾರೇರ್ ಮತ್ತು ಹೇಸ್ಟಿಂಗ್ಸ್ ಕಟ್ಟಿದ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಪ್ರವೇಶಾಂಗಣಕ್ಕೂ ಮೆಟ್ಟಿಲುಗಳಿಗೂ 1974ರಲ್ಲೇ ಅದು ದೊರೆತರೂ, ಲೋಕಪ್ರಸಿದ್ಧವಾದ ಅದರ ಮುಖ್ಯ ವಾಚನಾಲಯಕ್ಕೆ ದೊರೆಯಲು 2017 ಬರಬೇಕಾಯಿತು. ನಗರದಲ್ಲಿ ಆಯೋಗದ ರಕ್ಷಣೆಯಲ್ಲಿರುವ ಕಟ್ಟಡಗಳೂ ತಾಣಗಳೂ 38,000ಕ್ಕೂ ಹೆಚ್ಚು. ಒಳಾಂಗಣಗಳು ಅದರ ಮುಂದೆ ಬೆರಳೆಣಿಕೆಯಷ್ಟು.

ಒಳಗಿನ ಕೆಲಸಕ್ಕೆ ಕಾಗದಪತ್ರವೇ ಬೇಡ ಎಂದು ಇದರಿಂದ ತಿಳಿಯಬಾರದು. ಗೋಡೆ ಒಡೆಯಲು, ಕೊಳಾಯಿ ಬದಲಿಸಲು ಕಟ್ಟಡ ಇಲಾಖೆಯ ಪರವಾನಗಿ ಬೇಕಾದಲ್ಲಿ ಆಯೋಗದ ಕಾಗದವೂ ಬೇಕು. ಆದರೆ ಹೊರಮೈಗೆ ತೊಂದರೆಯಾಗದು ಎಂದು ಕಂಡರೆ ಅವರ ಸಿಬ್ಬಂದಿಯೇ ‘ಪರಿಣಾಮವಿಲ್ಲ’ ಎಂಬ ಪ್ರಮಾಣಪತ್ರ ಕೊಟ್ಟು ಕಳುಹಿಸುತ್ತಾರೆ. ಇನ್ನೊಂದು ಸೂಕ್ಷ್ಮವಿದೆ: ಒಳಗಿನ ಯಾವ ಭಾಗವನ್ನು ಕಡೆಗಣಿಸಿದರೆ ಹೊರಗೋಡೆ ಶಿಥಿಲವಾಗುತ್ತದೋ ಆ ಭಾಗವನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನು ಕಾಯ್ದೆ ಮಾಲೀಕನ ಮೇಲೆ ಹೊರಿಸಿದೆ. ತೊಲೆ ಕೊಳೆಯಲು ಬಿಟ್ಟು, ಮುಂಭಾಗ ತಾನಾಗಿ ಬಿತ್ತು ಎಂದು ಕೈತೊಳೆದುಕೊಳ್ಳುವ ಹಾಗಿಲ್ಲ. ತೊಲೆಗಿರುವ ಈ ಮರ್ಯಾದೆ, ಅದರ ಕೆಳಗಿನ ಗಾರೆಹೂವಿಗೆ ಇಲ್ಲ.

ನಾನು ಕೆಲಸ ಮಾಡಿದ ಒಂದು ಮನೆಯಲ್ಲಿ, ಅದರ ಊರುಕೇರಿ ಬೇಡ, ಹೊರಗಿನ ಬಾಗಿದ ಕಿಟಕಿಗಳ ಮರದ ಚೌಕಟ್ಟನ್ನು ಮೂಲದ ಅಳತೆಗೆ ಕೂದಲೆಳೆಯಷ್ಟೂ ತಪ್ಪದಂತೆ ಮಾಡಿಸಲು ಆರು ತಿಂಗಳು ಓಡಾಡಿದೆವು. ಅದೇ ಅವಧಿಯಲ್ಲಿ ಒಳಗಿನ ಓಕ್ ಮರದ ಹೊದಿಕೆಯನ್ನು ಒಂದು ವಾರದಲ್ಲಿ ಕಿತ್ತು ಹೊರಗೆ ಸಾಗಿಸಿದರು. ಎರಡೂ ನಿಯಮಬದ್ಧವಾಗಿಯೇ ನಡೆದವು.

ಬೀದಿನೋಟ:

ಸುಣ್ಣಗಾರೆ ಅವರ ಕೊನೆಯ ಮಾತನ್ನು ಓದಿದ ಮೇಲೆ ನನ್ನ ಹಳೆಯ ಅನುಮಾನ ಗಟ್ಟಿಯಾಯಿತು. ಹೊರಗೆ ಥಳಕು, ಒಳಗೆ ಹುಳುಕು ಎಂಬುದನ್ನು ಇಲ್ಲಿ ಕಾಯ್ದೆಯೇ ಕಾಪಾಡಿಕೊಂಡು ಬರುತ್ತಿದೆಯಲ್ಲವೇ? ಒಳಗನ್ನೆಲ್ಲ ಬರಿದು ಮಾಡಿ ಮುಖವೊಂದನ್ನು ಉಳಿಸಿದರೆ ಅದನ್ನು ಮನೆಯ ಸಂರಕ್ಷಣೆ ಎನ್ನುವುದಕ್ಕಿಂತ ಮುಖವಾಡದ ಸಂರಕ್ಷಣೆ ಎನ್ನುವುದು ಮೇಲು.

ಮತ್ತೊಂದು ಆಕ್ಷೇಪವನ್ನೂ ಮುಂದಿಡುತ್ತೇನೆ. ಡ್ಯೂಕ್ ಮನೆಯನ್ನು 2010ರಲ್ಲಿ ಮೆಕ್ಸಿಕೋದ ಉದ್ಯಮಿ ಕಾರ್ಲೋಸ್ ಸ್ಲಿಮ್ 4 ಕೋಟಿ 40 ಲಕ್ಷ ಡಾಲರಿಗೆ ಕೊಂಡರು. ಇಂಥವರ ಆಸ್ತಿಗೆ ಸಾರ್ವಜನಿಕ ಆಯೋಗವೊಂದು ಕಾವಲು ಕೂರುವುದರಲ್ಲಿ ನಗರದ ಸಾಮಾನ್ಯನಿಗೆ ಏನು ಲಾಭ? ಅವನು ಆ ಬಾಗಿಲೊಳಗೆ ಎಂದೂ ಕಾಲಿಡುವುದಿಲ್ಲ. ಇನ್ನು ಮಾಲೀಕನ ಕಡೆಯಿಂದ ನೋಡಿದರೂ, ತನ್ನ ಒಪ್ಪಿಗೆಯಿಲ್ಲದೆ ತನ್ನ ಆಸ್ತಿಯ ಮೇಲೆ ಎತ್ತರಿಸಿ ಕಟ್ಟುವ ಹಕ್ಕನ್ನು ಪರಿಹಾರವಿಲ್ಲದೆ ಕಸಿದುಕೊಂಡಂತಾಗಲಿಲ್ಲವೇ? ಸಂವಿಧಾನ ಇದನ್ನು ಹೇಗೆ ಒಪ್ಪಿತು ಎಂಬುದು ನನಗೆ ನಿಜವಾದ ಕುತೂಹಲ.

ಕಡತಪ್ರಿಯ:

ಬೀದಿನೋಟ ಅವರ ಕೊನೆಯ ಪ್ರಶ್ನೆಯನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವೇ ಎದುರಿಸಿತು. ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣವೂ ಬೋಜಾರ್ ಶೈಲಿಯದೇ. 1913ರಲ್ಲಿ ತೆರೆಯಿತು, 1967ರಲ್ಲಿ ಲ್ಯಾಂಡ್‌ಮಾರ್ಕ್ ಆಯಿತು. ಅದರ ಒಡೆತನದ ಪೆನ್ ಸೆಂಟ್ರಲ್ ಕಂಪನಿಯವರು ನಿಲ್ದಾಣದ ನೆತ್ತಿಯ ಮೇಲೆ 50ಕ್ಕೂ ಹೆಚ್ಚು ಅಂತಸ್ತುಗಳ ಗೋಪುರ ಕಟ್ಟಲು ಮಾರ್ಸೆಲ್ ಬ್ರಾಯರ್ ಅವರಿಂದ ನಕ್ಷೆ ಮಾಡಿಸಿದರು. ಆಯೋಗ ನಿರಾಕರಿಸಿತು. ಕಂಪನಿ ಇದನ್ನು ಪರಿಹಾರವಿಲ್ಲದ ಸ್ವಾಧೀನವೆಂದು ವಾದಿಸಿತು. 1978ರಲ್ಲಿ ಆರು ನ್ಯಾಯಮೂರ್ತಿಗಳು ನಗರದ ಪರವಾಗಿ, ಮೂವರು ವಿರುದ್ಧವಾಗಿ ತೀರ್ಪು ಕೊಟ್ಟರು. ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಬ್ರೆನ್ನನ್ ಅವರ ತರ್ಕದ ಸಾರವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ: ಆಸ್ತಿಯನ್ನು ತುಂಡು ತುಂಡಾಗಿ ಮಾಡಿ, ಆಕಾಶದ ತುಂಡನ್ನು ಕಿತ್ತುಕೊಂಡರು ಎಂದು ಲೆಕ್ಕ ಹಾಕುವಂತಿಲ್ಲ, ಇಡೀ ಆಸ್ತಿಯನ್ನು ನೋಡಬೇಕು. ನಿಲ್ದಾಣವನ್ನು ನಿಲ್ದಾಣವಾಗಿಯೇ ಬಳಸಿ ನ್ಯಾಯವಾದ ಆದಾಯ ಪಡೆಯಲು ಮಾಲೀಕನಿಗೆ ಅಡ್ಡಿಯಿಲ್ಲ, ಮೇಲೆ ಕಟ್ಟಲಾಗದ ಹಕ್ಕನ್ನು ಹತ್ತಿರದ ನಿವೇಶನಗಳಿಗೆ ವರ್ಗಾಯಿಸುವ ದಾರಿಯೂ ಇದೆ. ಆದ್ದರಿಂದ ಇದು ಸ್ವಾಧೀನವಲ್ಲ.

ಮಾಲೀಕನಿಗೆ ಉಸಿರಾಡಲು ಕಿಂಡಿಯೇ ಇಲ್ಲವೆಂದೂ ಅಲ್ಲ. ಬಾಡಿಗೆಯಿಂದ ಬರುವ ಆದಾಯ ಕಟ್ಟಡದ ತೆರಿಗೆ ಮೌಲ್ಯದ ಶೇಕಡಾ 6ನ್ನು ಮುಟ್ಟಲಾರದು ಎಂದು ಲೆಕ್ಕಪತ್ರ ತೋರಿಸಿದರೆ ಸಂಕಷ್ಟದ ಅರ್ಜಿ ಸಲ್ಲಿಸಲು ಅವಕಾಶವಿದೆ. ವಾಸಕ್ಕೆಂದೇ ಕೋಟ್ಯಂತರ ಡಾಲರ್ ತೆತ್ತವರು ಆ ಅರ್ಜಿಯನ್ನು ಹಿಡಿದು ಬಂದರೆ ಕೇಳುವವರಿಗೆ ನಗು ತಡೆಯುವುದು ಕಷ್ಟವಾದೀತು, ಅದು ಬೇರೆ ಮಾತು.

ಮುಖವಾಡದ ಆಕ್ಷೇಪಕ್ಕೆ ಮಾತ್ರ ನನ್ನ ಒಪ್ಪಿಗೆ ಅರೆಮನಸ್ಸಿನದು. ಮನೆಯ ಮುಖ ಮಾಲೀಕನಿಗಿಂತ ಹೆಚ್ಚಾಗಿ ಬೀದಿಗೆ ಸೇರಿದ್ದು. ಅವನು ಒಳಗಿರುತ್ತಾನೆ, ಮುಖವನ್ನು ದಿನವೂ ನೋಡುವವರು ನಾವು. ಫಿಫ್ತ್ ಅವೆನ್ಯೂ 647ರ ಮನೆಯನ್ನು ನೋಡಿ. ಹಂಟ್ ಅವರ ಮಕ್ಕಳು ಸುಮಾರು 1905ರ ಹೊತ್ತಿಗೆ ಜಾರ್ಜ್ ವ್ಯಾಂಡರ್‌ಬಿಲ್ಟ್‌ಗಾಗಿ ಒಂದೇ ಅಚ್ಚಿನ ಎರಡು ಮನೆಗಳನ್ನು ಅಕ್ಕಪಕ್ಕ ಕಟ್ಟಿದ್ದರು. ಜನ ಅವನ್ನು ಅಮೃತಶಿಲೆಯ ಅವಳಿಗಳು ಎನ್ನುತ್ತಿದ್ದರು. ಒಂದು 1945ರಲ್ಲಿ ಬಿತ್ತು. ಉಳಿದದ್ದು 1977ರಲ್ಲಿ ಲ್ಯಾಂಡ್‌ಮಾರ್ಕ್ ಆಯಿತು. ಒಳಗೆ ಅದು ಮನೆಯಾಗಿ ಉಳಿದು ಎಷ್ಟೋ ಕಾಲವಾಯಿತು, ಅಂಗಡಿಯಾಗಿದೆ. ಆದರೂ ಅದರ ಮುಂದೆ ನಿಂತವನಿಗೆ ಬಲಗಡೆಯ ಗೋಡೆ ಯಾವುದಕ್ಕೋ ಕಾಯುತ್ತಿರುವಂತೆ ತೋರದೆ ಇರುವುದಿಲ್ಲ. ಅದರ ಪಕ್ಕದ ಮೂಲೆಯಲ್ಲೇ ಮಾರ್ಟನ್ ಪ್ಲ್ಯಾಂಟ್ ಅವರ ಮನೆಯಿದೆ. 1917ರಲ್ಲಿ ಅದು ಎರಡೆಳೆಯ ಮುತ್ತಿನ ಸರಕ್ಕೂ 100 ಡಾಲರಿಗೂ ಕಾರ್ಟಿಯೇ ಆಭರಣದವರ ಪಾಲಾಯಿತು. 1970ರಿಂದ ಅದೂ ಲ್ಯಾಂಡ್‌ಮಾರ್ಕ್. ಮುತ್ತಿನ ಬೆಲೆ ಆಮೇಲೆ ಕುಸಿಯಿತು, ಮನೆ ನಿಂತಿತು.

ಸುಣ್ಣಗಾರೆ:

ಬೀದಿನೋಟ ಅವರೇ, ಸಾಮಾನ್ಯರು ಒಳಗೆ ಕಾಲಿಡುವುದೇ ಇಲ್ಲ ಎಂಬುದು ಎಲ್ಲ ಮನೆಗಳ ವಿಷಯದಲ್ಲೂ ಸರಿಯಲ್ಲ. ಬೆಂಜಮಿನ್ ಅವರ ಸಹೋದರ ಜೇಮ್ಸ್ ಡ್ಯೂಕ್ 78ನೇ ಬೀದಿಯ ಮೂಲೆಯಲ್ಲಿ ಹೊರೇಸ್ ಟ್ರಂಬಾವರ್ ಅವರ ಕಚೇರಿಯಿಂದ ಕಟ್ಟಿಸಿ, 1912ರಲ್ಲಿ ಮುಗಿಸಿದ ಮನೆಯಲ್ಲಿ ಈಗ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಲಲಿತಕಲಾ ಸಂಸ್ಥೆಯಿದೆ. ಫ್ರಿಕ್ ಅವರ ಮನೆ ವಸ್ತುಸಂಗ್ರಹಾಲಯವಾಗಿದೆ. ಶ್ರೀಮಂತರ ಬೀದಿಯಿಂದ ಸ್ವಲ್ಪ ದೂರ ಹೋದರೆ, ರಿವರ್‌ಸೈಡ್ ಡ್ರೈವ್ ಮತ್ತು 105ನೇ ಬೀದಿಯ ಸುತ್ತ ಫ್ರೆಂಚ್ ಬೋಜಾರ್ ಮಾದರಿಯ ಮನೆಗಳ ಒಂದು ಪುಟ್ಟ ಗುಂಪು 1899ರಿಂದ 1902ರೊಳಗೆ ಎದ್ದದ್ದು ಹಾಗೆಯೇ ಉಳಿದಿದೆ. 1973ರಲ್ಲಿ ಅದನ್ನು ಇಡಿಯಾಗಿ ಐತಿಹಾಸಿಕ ಪ್ರದೇಶವೆಂದು ಘೋಷಿಸಿದರು. ಅಲ್ಲಿನ ಒಂದು ಮನೆಯಲ್ಲಿ ಬೌದ್ಧ ಮಂದಿರವಿದೆ. ನನ್ನ ಮಟ್ಟಿಗೆ ಇಡೀ ಮ್ಯಾನ್‌ಹಟನ್‌ನಲ್ಲಿ ಈ ಶೈಲಿಯನ್ನು ಅರಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಏಕೆಂದರೆ ಅಲ್ಲಿ ಒಂದು ಮನೆಯ ಸೂರಿನಂಚು ಪಕ್ಕದ ಮನೆಯದರೊಂದಿಗೆ ಹೇಗೆ ಮಾತನಾಡುತ್ತದೆ ಎಂಬುದು ಕಾಣುತ್ತದೆ. ಒಂಟಿಯಾಗಿ ಉಳಿದ ಮನೆಯಲ್ಲಿ ಅದು ಕಾಣದು.

ಮತ್ತೊಂದು ಮಾತು. ಮುಖ ಉಳಿಸುವುದು ಸುಲಭದ ಕೆಲಸವೆಂದು ಯಾರೂ ತಿಳಿಯಬಾರದು. ಸುಣ್ಣದಕಲ್ಲಿಗೆ ಆಮ್ಲವೇ ಶತ್ರು. ಮಳೆ ನೇರವಾಗಿ ಬೀಳುವಲ್ಲಿ ಕಲ್ಲು ಸವೆಯುತ್ತದೆ, ಮಳೆ ತಾಗದ ಮರೆಯಲ್ಲಿ ಕಪ್ಪು ಹಕ್ಕಳೆ ಕಟ್ಟುತ್ತದೆ; ಅದನ್ನು ಆಮ್ಲ ಬಳಸಿ ತೊಳೆದರೆ ಕಲ್ಲಿನ ಮೈಯೇ ಕರಗುತ್ತದೆ, ಮರಳು ಊದಿ ಉಜ್ಜಿದರೆ ಕೆತ್ತನೆಯ ಅಂಚು ಮೊಂಡಾಗುತ್ತದೆ. ಸಂದುಗಳಿಗೆ ಗಟ್ಟಿ ಸಿಮೆಂಟು ತುಂಬಿದರೆ ನೀರು ಸಂದಿನಿಂದ ಹೊರಬರಲಾಗದೆ ಕಲ್ಲಿನೊಳಗೇ ಸಿಕ್ಕಿಕೊಂಡು ಪದರ ಎಬ್ಬಿಸುತ್ತದೆ, ಆದ್ದರಿಂದ ಕಲ್ಲಿಗಿಂತ ಮೆದುವಾದ ಸುಣ್ಣದ ಗಾರೆಯನ್ನೇ ಬಳಸಬೇಕು. ಒಳಗೆ ಹುದುಗಿಸಿದ ಕಬ್ಬಿಣದ ಕೊಂಡಿಗಳು ತುಕ್ಕು ಹಿಡಿದು ಉಬ್ಬಿದರೆ ಕಲ್ಲನ್ನೇ ಸೀಳುತ್ತವೆ. ಆಯೋಗದವರು ಒಂದು ಹಿಡಿ ಗಾರೆಯ ಮಾದರಿಯನ್ನು ಕೇಳುವುದು ಹುಂಬತನವೆಂದು ಮೊದಮೊದಲು ನನಗೂ ಅನ್ನಿಸುತ್ತಿತ್ತು.

ಹೊಸ್ತಿಲು:

ಎಲ್ಲರಿಗೂ ಕೃತಜ್ಞತೆಗಳು. ಮೊಳೆ ಹೊಡೆಯುವ ಗೆಳೆಯನಿಗೂ ಫಲಕದ ಗೆಳೆಯನಿಗೂ ಈ ಪುಟವನ್ನೇ ಕಳುಹಿಸುತ್ತೇನೆ. ಒಂದು ಸಣ್ಣ ಸಂದೇಹ ಉಳಿದಿದೆ. ರಕ್ಷಣೆ ಮುಖ್ಯವಾಗಿ ಬೀದಿಯ ಕಣ್ಣಿಗಾಗಿ ಎಂದಾದರೆ, ಮನೆಯ ಹಿಂಬದಿ ಅಥವಾ ಚಾವಣಿಯ ಮೇಲೆ ಒಂದು ಕೋಣೆ ಕಟ್ಟಿಕೊಳ್ಳಬಹುದೇ? ಅದು ಬೀದಿಗೆ ಕಾಣುವುದೋ ಇಲ್ಲವೋ ಎಂದು ಹೇಗೆ ತೀರ್ಮಾನಿಸುತ್ತಾರೆ?

ಸುಣ್ಣಗಾರೆ:

ಹಿಂಬದಿಯೂ ಚಾವಣಿಯೂ ಹೊರಮೈಯೇ ಆದ್ದರಿಂದ ಅನುಮತಿ ಬೇಕೇ ಬೇಕು. ಆದರೆ ಅಲ್ಲಿ ಆಯೋಗದ ಮನಸ್ಸು ಸ್ವಲ್ಪ ಸಡಿಲ. ಕಾಣುವುದೋ ಇಲ್ಲವೋ ಎಂಬುದನ್ನು ನಕ್ಷೆಯ ಮೇಲೆ ವಾದಿಸಿ ಗೆಲ್ಲಲಾಗದು. ಕಟ್ಟಬೇಕೆಂದಿರುವ ಕೋಣೆಯ ಅಳತೆಗೆ ಸರಿಯಾಗಿ ಚಾವಣಿಯ ಮೇಲೆ ಮರದ ಕಂಬಗಳನ್ನು ನಿಲ್ಲಿಸಿ, ಅವುಗಳ ನಡುವೆ ಕಿತ್ತಳೆ ಬಣ್ಣದ ಬಲೆ ಕಟ್ಟಿ, ಕೆಳಗಿಳಿದು ಬೀದಿಯ ಬೇರೆ ಬೇರೆ ಕಡೆಗಳಿಂದ ಫೋಟೋ ತೆಗೆದು ಅರ್ಜಿಯೊಂದಿಗೆ ಕೊಡಬೇಕು. ಸ್ವಲ್ಪವೂ ಕಾಣದಿದ್ದರೆ ಅನೇಕ ಸಲ ಸಿಬ್ಬಂದಿಯ ಮಟ್ಟದಲ್ಲೇ ಮುಗಿಯುತ್ತದೆ. ಎದ್ದು ಕಾಣುವಂತಿದ್ದರೆ ಸ್ಥಳೀಯ ಸಮುದಾಯ ಮಂಡಳಿಯ ಅಭಿಪ್ರಾಯ ಪಡೆದು ಸಾರ್ವಜನಿಕ ವಿಚಾರಣೆಗೆ ಹೋಗಬೇಕು, ಅಲ್ಲಿ ಯಾರು ಬೇಕಾದರೂ ಎದ್ದು ನಿಂತು ಮಾತನಾಡಬಹುದು. ವಿಚಾರಣೆಗಳು ಸಾಮಾನ್ಯವಾಗಿ ಮಂಗಳವಾರ ನಡೆಯುತ್ತವೆ. ಮುಂದಿನ ಸಲ ಅಪ್ಪರ್ ಈಸ್ಟ್ ಸೈಡಿನಲ್ಲಿ ನಡೆಯುವಾಗ ತಲೆಯೆತ್ತಿ ನೋಡಿ. ಚಾವಣಿಯೊಂದರ ಮೇಲೆ ಕಿತ್ತಳೆ ಬಲೆ ಗಾಳಿಗೆ ಪಟಪಟ ಎನ್ನುತ್ತಿದ್ದರೆ ಅಲ್ಲೊಂದು ಅರ್ಜಿ ನಡೆದಿದೆ ಎಂದು ತಿಳಿಯಿರಿ.